ಸಖಿಯಿಂದ ಅತ್ತೆಯವರೆಗೆ: ಕನ್ನಡ ನಟಿ ನಡೆದ ಹಾದಿ, ಸೋಲದೇವನಹಳ್ಳಿಯ ಲೀಲಾವತಿ

ಕನ್ನಡದ ಮೊದಲ ವಾಕ್ಚಿತ್ರಕ್ಕೆ ಇಟ್ಟಿದ್ದು ಹೆಣ್ಣಿನ ಹೆಸರು. 1934ರ ಮಾರ್ಚ್ 3ರಂದು ತೆರೆಕಂಡ ‘ಸತಿ ಸುಲೋಚನಾ’ದಲ್ಲಿ ತ್ರಿಪುರಾಂಬ ಸುಲೋಚನೆ, ಸುಬ್ಬಯ್ಯ ನಾಯ್ಡು ಇಂದ್ರಜಿತು. ಆ ಕಾಲದ ನಟಿಗೆ ಮೊದಲು ಬೇಕಾಗಿದ್ದು ಕಂಠ. ಹಿನ್ನೆಲೆ ಗಾಯನ ಇನ್ನೂ ಬಂದಿರಲಿಲ್ಲ. ನಟಿಸುವವಳೇ ಹಾಡಬೇಕು, ಮಾತನ್ನು ಕೊನೆಯ ಸಾಲಿನವರೆಗೂ ಕೇಳಿಸಬೇಕು. ಇವೆರಡನ್ನೂ ಕಲಿಸುತ್ತಿದ್ದ ಶಾಲೆ ನಾಟಕ ಕಂಪನಿ ಒಂದೇ. ಪಾತ್ರಗಳೂ ಅಲ್ಲಿಂದಲೇ ಬಂದವು: ಸತಿ, ಸಾಧ್ವಿ, ಗಂಡನಿಗಾಗಿ ದೇವರೊಡನೆ ವಾದಕ್ಕಿಳಿಯುವ ಹೆಂಡತಿ.

ಅದೇ ಕಂಪನಿಯ ಗರಡಿಯಿಂದ ಬಂದ ಎಂ.ವಿ. ರಾಜಮ್ಮ 1943ರಲ್ಲಿ ‘ರಾಧಾರಮಣ’ ಚಿತ್ರವನ್ನು ಸ್ವತಃ ನಿರ್ಮಿಸಿ ಕನ್ನಡದ ಮೊದಲ ನಿರ್ಮಾಪಕಿಯಾದರು. ಈ ಸಂಗತಿಗೆ ನಮ್ಮ ಚಿತ್ರ ಇತಿಹಾಸಗಳು ಒಂದೆರಡು ಸಾಲು ಕೊಟ್ಟು ಮುಂದೆ ಹೋಗುತ್ತವೆ. ಒಂದು ಪುಸ್ತಕವನ್ನೇ ಕೊಡಬೇಕಾದ ಸಾಹಸ ಅದು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ನಾಯಕರಾಗಿ ಹೊಮ್ಮಿದಾಗ ಅವರ ಮಡದಿಯ ಪಾತ್ರದಲ್ಲಿದ್ದವರು ಪಂಡರೀಬಾಯಿ. ಮರುವರ್ಷ ‘ಮಹಾಕವಿ ಕಾಳಿದಾಸ’ ಬಿ. ಸರೋಜಾದೇವಿಯವರನ್ನು ತಂದಿತು. ಅವರು ಬಹುಬೇಗ ತಮಿಳು, ತೆಲುಗು, ಹಿಂದಿಗೆ ಹಾರಿದರು.

ಲೀಲಾವತಿ ಬಂದ ಬಾಗಿಲು ಅಷ್ಟು ದೊಡ್ಡದಾಗಿರಲಿಲ್ಲ. ಬೆಳ್ತಂಗಡಿಯಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡ ಹುಡುಗಿ. 1949ರ ‘ನಾಗಕನ್ನಿಕಾ’ದಲ್ಲಿ ಪುಟ್ಟದೊಂದು ಪಾತ್ರ ಮಾಡಿ, ಆಮೇಲೆ ಮಹಾಲಿಂಗ ಭಾಗವತರ ನಾಟಕ ಕಂಪನಿ ಸೇರಿದರು. ಸುಬ್ಬಯ್ಯ ನಾಯ್ಡು ಅವರ ‘ಭಕ್ತ ಪ್ರಹ್ಲಾದ’ದಲ್ಲಿ ಸಿಕ್ಕಿದ್ದು ಸಖಿಯ ವೇಷ. ‘ನಾಗಕನ್ನಿಕಾ’ದಿಂದ ಹೊರಟವರು 1958ರ ‘ಮಾಂಗಲ್ಯ ಯೋಗ’ದಲ್ಲಿ ನಾಯಕಿಯಾಗುವವರೆಗೆ ಕಳೆದದ್ದು ಸುಮಾರು ಒಂಬತ್ತು ವರ್ಷ. ಅಷ್ಟು ಕಾಲ ಅಂಚಿನಲ್ಲಿ ನಿಂತು ನೋಡಿ ಕಲಿತ ಗುರುತು ಅವರ ನಟನೆಯಲ್ಲಿ ಕೊನೆಯವರೆಗೂ ಇತ್ತು ಎಂದೇ ನನ್ನ ಭಾವನೆ. ಎದುರಿನವರು ಮಾತಾಡುವಾಗ ಸುಮ್ಮನೆ ಕೇಳಿಸಿಕೊಳ್ಳುವುದೂ ನಟನೆಯೇ ಎಂದು ಅವರಷ್ಟು ಚೆನ್ನಾಗಿ ತೋರಿಸಿದವರು ಕಡಿಮೆ.

ಆಗ ಕನ್ನಡ ಚಿತ್ರಗಳು ಬಹುಪಾಲು ತಯಾರಾಗುತ್ತಿದ್ದುದು ಮದರಾಸಿನ ಸ್ಟುಡಿಯೋಗಳಲ್ಲಿ. ಕೆಲಸ ಎಷ್ಟು ಕಡಿಮೆಯೆಂದರೆ, ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಸೇರಿ ಕಲಾವಿದರ ಸಂಘ ಕಟ್ಟಿಕೊಂಡು, ಊರೂರಿನಲ್ಲಿ ನಾಟಕವಾಡಿ, 1960ರಲ್ಲಿ ತಾವೇ ‘ರಣಧೀರ ಕಂಠೀರವ’ ತೆಗೆದರು. ಅದರ ನಾಯಕಿ ಲೀಲಾವತಿ. ಅಲ್ಲಿಂದ ನಾಲ್ಕೈದು ವರ್ಷ ರಾಜ್‌ಕುಮಾರ್–ಲೀಲಾವತಿ ಜೋಡಿಗೆ ಬಿಡುವೇ ಇರಲಿಲ್ಲ: ‘ರಾಣಿ ಹೊನ್ನಮ್ಮ’, ‘ಕಣ್ತೆರೆದು ನೋಡು’, ‘ಗಾಳಿ ಗೋಪುರ’, ‘ಕನ್ಯಾರತ್ನ’, ‘ವೀರಕೇಸರಿ’, ‘ಮನ ಮೆಚ್ಚಿದ ಮಡದಿ’, ‘ಕುಲವಧು’. ಹಾಡುವ ಹೊಣೆ ಎಸ್. ಜಾನಕಿಯಂಥ ಹಿನ್ನೆಲೆ ಗಾಯಕಿಯರಿಗೆ ಹೋಗಿತ್ತು. ನಟಿ ಇನ್ನು ಕಣ್ಣಿನಲ್ಲಿ, ಮುಖದಲ್ಲಿ ಹಾಡನ್ನು ತುಂಬಬೇಕು. ಯುಗಾದಿ ಬಂತೆಂದರೆ ನಾವು ಇಂದಿಗೂ ಕೇಳುವ ಬೇಂದ್ರೆಯವರ ಗೀತೆ ‘ಕುಲವಧು’ವಿನದು, ಆ ಹಾಡಿನ ಮುಖ ಲೀಲಾವತಿಯವರದು.

ಆದರೂ ಆ ಕಾಲದ ನಾಯಕಿಗೆ ಕತೆಯಲ್ಲಿ ಸ್ವಂತದ ಹಠವೆಂಬುದು ಅಪರೂಪ. ಸಹಿಸುವುದು, ಕಾಯುವುದು, ಕೊನೆಗೆ ಗೆಲ್ಲುವುದು, ಅಷ್ಟೇ. ಇದು ಬದಲಾದದ್ದು ಲೇಖಕಿಯರ ಕಾದಂಬರಿಗಳು ಸಿನಿಮಾಕ್ಕೆ ಬಂದ ಮೇಲೆ. ತ್ರಿವೇಣಿಯವರ ‘ಬೆಳ್ಳಿಮೋಡ’ (1967), ‘ಹಣ್ಣೆಲೆ ಚಿಗುರಿದಾಗ’ (1968), ‘ಶರಪಂಜರ’; ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’. ವಾಣಿಯವರ ‘ಎರಡು ಕನಸು’. ಕಲ್ಪನಾ ಮಿನುಗುತಾರೆಯಾದದ್ದು ಈ ಬರಹಗಳ ಮೇಲೆ ನಿಂತೇ. ನಿರ್ದೇಶಕ ಪುಟ್ಟಣ್ಣ ಕಣಗಾಲರ ಹೆಸರು ನಾವು ಮರೆಯುವುದಿಲ್ಲ, ಮರೆಯಬಾರದು. ಆದರೆ ಕನ್ನಡ ನಟಿಗೆ ನಟಿಸಲು ಏನಾದರೂ ಸಿಕ್ಕಿದ್ದು ಹೆಣ್ಣೊಬ್ಬಳು ಮನೆಯೊಳಗೆ ಕೂತು ಬರೆದ ಪುಟಗಳಿಂದ ಎಂಬುದನ್ನು ಅಷ್ಟೇ ಜೋರಾಗಿ ಹೇಳಬೇಕು. ಪ್ರೇಮಾ ಕಾರಂತರು ನಿರ್ದೇಶಕಿಯಾಗಿ 1983ರಲ್ಲಿ ಬಂದಾಗಲೂ ಕೈಗೆತ್ತಿಕೊಂಡದ್ದು ಇಂದಿರಾ ಅವರ ‘ಫಣಿಯಮ್ಮ’ನನ್ನೇ.

ಈ ತಿರುವಿನಲ್ಲಿ ಹಳೆಯ ನಾಯಕಿಯರು ತಾಯಿಯ ಪಾತ್ರಕ್ಕೆ ಸರಿದರು. ಚಿತ್ರರಂಗ ಈ ವಿಷಯದಲ್ಲಿ ನಿರ್ದಯಿ. 1954ರಲ್ಲಿ ರಾಜ್‌ಕುಮಾರ್‌ಗೆ ಮಡದಿಯಾಗಿದ್ದ ಪಂಡರೀಬಾಯಿ 1986ರ ‘ಅನುರಾಗ ಅರಳಿತು’ವಿನಲ್ಲಿ ಅವರ ತಾಯಿ! ನಾಯಕನಿಗೆ ವಯಸ್ಸಾಗಲಿಲ್ಲ, ನಾಯಕಿಗಷ್ಟೇ ಆಯಿತು. ಲೀಲಾವತಿಯವರೂ ಇದೇ ದಾರಿ ಹಿಡಿಯಬೇಕಾಯಿತು. ಇದನ್ನು ಅವರ ಇಳಿಗಾಲವೆಂದು ಬರೆಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಅವರ ನಿಜವಾದ ಎತ್ತರ ಇಲ್ಲಿಂದ ಶುರು.

‘ಗೆಜ್ಜೆಪೂಜೆ’ಯ ತಾಯಿಯನ್ನೇ ನೋಡಿ. ಗೆಜ್ಜೆಪೂಜೆ ಮಾಡಿ ಹುಡುಗಿಯರನ್ನು ವೃತ್ತಿಗೆ ಬಿಡುವ ಮನೆತನದಲ್ಲಿ ಬೆಳೆದು, ಒಬ್ಬನನ್ನೇ ನಂಬಿ, ಅವನು ದೂರವಾದ ಮೇಲೂ ಮಗಳು ಚಂದ್ರಾ ಗರತಿಯಾಗಿ ಬಾಳಲಿ ಎಂದು ಆಸೆಪಡುವವಳು. ಆಸೆಯಿದೆ, ಅದನ್ನು ನಡೆಸುವ ಬಲವಿಲ್ಲ. ಒಂದು ಕಡೆ ಮನೆತನದ ಒತ್ತಾಯ, ಇನ್ನೊಂದು ಕಡೆ ಊರಿನ ನಾಲಿಗೆ. ಲೀಲಾವತಿ ಈ ಅಸಹಾಯಕತೆಯನ್ನು ಗೋಳಾಗಿಸದೆ ಅಭಿನಯಿಸಿದರು. ಕಲ್ಪನಾ ಅವರ ಚಂದ್ರಾ ಕತೆಯ ಕೇಂದ್ರ ನಿಜ. ಆದರೆ ಅವಳು ಯಾವ ಸೆರೆಯಿಂದ ಹೊರಬರಲು ಹೆಣಗುತ್ತಿದ್ದಾಳೆ ಎಂಬುದು ನಮಗೆ ತಿಳಿಯುವುದು ತಾಯಿಯ ಮುಖ ನೋಡಿಯೇ. 1972ರ ‘ನಾಗರಹಾವು’ವಿನ ತುಂಗಮ್ಮ ಮತ್ತೊಂದು ಬಗೆ. ಚಾಮಯ್ಯ ಮೇಷ್ಟ್ರ ಹೆಂಡತಿ, ಮಕ್ಕಳಿಲ್ಲ, ಮೇಷ್ಟ್ರ ಶಿಷ್ಯ ರಾಮಾಚಾರಿಯೇ ಮಗ. ಹೆತ್ತವಳಿಗಿಂತ ಸಲುಗೆ ಹೆಚ್ಚು, ಹಕ್ಕು ಮಾತ್ರ ಕಡಿಮೆ. ಆ ಅಳತೆ ಅವರ ದನಿಯಲ್ಲಿ ಒಮ್ಮೆಯೂ ತಪ್ಪುವುದಿಲ್ಲ.

ಕೆ. ಬಾಲಚಂದರ್ ಅವರ ತಮಿಳು ಚಿತ್ರ ‘ಅವರ್‌ಗಳ್’ (1977) ಇವೆಲ್ಲಕ್ಕಿಂತ ಮುಂದೆ ಹೋಯಿತು. ಮಗ ಕಷ್ಟ ಕೊಟ್ಟ ಸೊಸೆಯ ಮನೆಗೆ ಬಂದು ಕೂಸು ನೋಡಿಕೊಳ್ಳುವ ಅತ್ತೆಯಾಗಿ ಲೀಲಾವತಿ. ಮಗ ರಜನೀಕಾಂತ್, ಸೊಸೆ ಸುಜಾತಾ. ಹೆತ್ತ ಮಗನ ತಪ್ಪನ್ನು ತಪ್ಪೆಂದು ಕಂಡು ಸೊಸೆಯ ಪರ ನಿಲ್ಲುವ ಅತ್ತೆಯನ್ನು ಅಂದಿನ ಪ್ರೇಕ್ಷಕರು ಎಷ್ಟು ಚಿತ್ರಗಳಲ್ಲಿ ನೋಡಿದ್ದರು?

ಒಟ್ಟು ಆರುನೂರಕ್ಕೂ ಹೆಚ್ಚು ಚಿತ್ರಗಳು, ಅವುಗಳಲ್ಲಿ ನಾನೂರಕ್ಕೂ ಹೆಚ್ಚು ಕನ್ನಡದವು. 1987ರಲ್ಲಿ ಮಗ ವಿನೋದ್ ರಾಜ್ ‘ಡ್ಯಾನ್ಸ್ ರಾಜಾ ಡ್ಯಾನ್ಸ್’ನಿಂದ ನಾಯಕನಾದರು. ಮುಂದೆ ಲೀಲಾವತಿ ನಿರ್ಮಾಣಕ್ಕೂ ಕೈಹಾಕಿದರು. 1999–2000ರ ಸಾಲಿನ ಡಾ. ರಾಜ್‌ಕುಮಾರ್ ಪ್ರಶಸ್ತಿ, 2008ರಲ್ಲಿ ತುಮಕೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಬಂದವು.

ಮದರಾಸು ಬಿಟ್ಟು ಅವರು ನೆಲೆಸಿದ್ದು ನೆಲಮಂಗಲ ತಾಲ್ಲೂಕಿನ ಸೋಲದೇವನಹಳ್ಳಿಯಲ್ಲಿ. ತಾಯಿ–ಮಗ ಇಬ್ಬರೂ ತೋಟ ಮಾಡಿಕೊಂಡು ಬೇಸಾಯಕ್ಕೆ ನಿಂತರು. ಮೈ ಕೆಟ್ಟರೆ ಪೇಟೆಗೇ ಓಡಬೇಕಾದ ಸುತ್ತಲ ಹಳ್ಳಿಗರಿಗಾಗಿ ತಮ್ಮ ದುಡ್ಡಿನಲ್ಲೇ ಆಸ್ಪತ್ರೆ ಕಟ್ಟಿಸಿಕೊಟ್ಟರು. ಆಮೇಲೆ ದನಕರುಗಳಿಗೂ ಒಂದು ಬೇಕೆಂದು ಪಶು ಆಸ್ಪತ್ರೆ ಕಟ್ಟಿಸಿದರು. ಹಾಲು ಮಾರಿ ಸಂಸಾರ ತೂಗಿಸುವ ಕಡೆ ಹಸು ಮಲಗಿದರೆ ಮನೆಯೇ ಮಲಗಿದಂತೆ. ಅದನ್ನು ಅವರು ಅಲ್ಲಿದ್ದು ಕಂಡಿದ್ದರು. 2023ರ ನವೆಂಬರ್ ಕೊನೆಯಲ್ಲಿ ಅಂದಿನ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಆ ಪಶು ಆಸ್ಪತ್ರೆಯನ್ನು ಉದ್ಘಾಟಿಸಿದರು. ಡಿಸೆಂಬರ್ 8ರಂದು ನೆಲಮಂಗಲದ ಆಸ್ಪತ್ರೆಯಲ್ಲಿ ಲೀಲಾವತಿ ತೀರಿಕೊಂಡರು. ಮರುದಿನ ಅವರದೇ ತೋಟದಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಸಂಸ್ಕಾರ ನಡೆಯಿತು. ಅಲ್ಲೇ ಮಗ ಸ್ಮಾರಕ ಕಟ್ಟಿಸಿದ್ದಾರೆ.

ಸ್ಮಾರಕದ ಕೆಲಸ ಮುಗಿದಿದೆ, ಅಭಿನಯದ ಅಧ್ಯಯನ ಬಾಕಿಯಿದೆ. ನಟನೆ ಕಲಿಸುವ ಶಾಲೆಗಳು ‘ಕುಲವಧು’, ‘ಗೆಜ್ಜೆಪೂಜೆ’, ‘ಅವರ್‌ಗಳ್’ ಮೂರನ್ನೂ ಸಾಲಾಗಿ ಹಾಕಿ ತೋರಿಸಲಿ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಬರೀ 14 ವರ್ಷ. ಸೊಸೆಯಾಗಿದ್ದವರು ಅತ್ತೆಯಾಗುವಷ್ಟರಲ್ಲಿ ಪಾತ್ರ ಬರೆಯುವವರು ಎಷ್ಟು ಬದಲಾದರು, ನಟಿ ಎಷ್ಟು ಬೆಳೆದರು ಎಂಬುದು ಆ ಮೂರರಲ್ಲೇ ಕಾಣುತ್ತದೆ.