ಕುಂಚಿಗಿ, ಕೌದಿ, ತೊಟ್ಟಿಲ: ಕೂಸಿನ ಬೆಚ್ಚಗಿನ ಕಥಿ

ಮಾಗಿ ಚಳಿ ಬಂತಂದ್ರ ಬಾಣಂತಿ ಇರೋ ಮನ್ಯಾಗ ಒಂದು ಜಗಳ ಇದ್ದದ್ದ. ಅಜ್ಜಿ "ಕ್ವಾಣ್ಯಾಗ ಬೆಂಕಿ ಇಡ್ರಿ, ಕೂಸಿಗೆ ಬಿಸಿ ನೀರು ಎರೀರಿ" ಅಂತಾಳ. ಹಡದಾಕಿ "ನರ್ಸಬಾಯಿ ಬ್ಯಾಡ ಅಂದಾರ, ಎದಿ ಮ್ಯಾಲೆ ಹಾಕ್ಕೊಂಡು ಮಲಗಸು ಅಂದಾರ" ಅಂತಾಳ. ಇಬ್ಬರ ಮಾತಿನ ಹಿಂದೂ ಒಂದೊಂದು ಇತಿಹಾಸ ಐತ್ರಿ. ಅದನ್ನ ತಿಳಕೊಂಡ್ರ ಯಾವುದು ಇಟ್ಟಗೋಬೇಕು, ಯಾವುದು ಬಿಡಬೇಕು ಅನ್ನೂದು ಜಗಳ ಇಲ್ಲದ ಗೊತ್ತಾಗತೈತಿ.

ಮೊದಲು ಕೂಸಿನ ಕಷ್ಟ ಏನಂತ ನೋಡೂಣು. ಒಂಬತ್ತು ತಿಂಗಳು ತಾಯಿ ಹೊಟ್ಟ್ಯಾಗ 37 ಡಿಗ್ರಿ ಬೆಚ್ಚಗ ಇದ್ದದ್ದು, ಮೈ ಹಸಿ ಇರೂವಾಗನ ಹೊರಗಿನ ಗಾಳಿಗೆ ಬರತೈತಿ. ನಮ್ಮಂಗ ನಡುಗಿ ಮೈ ಬಿಸಿ ಮಾಡ್ಕೊಳ್ಳಾಕ ಅದಕ್ಕ ಬರೂದಿಲ್ಲ. ಮೈ ಸಣ್ಣದು, ತಲಿ ದೊಡ್ಡದು, ಚರ್ಮದ ಕೆಳಗ ಕೊಬ್ಬು ಕಮ್ಮಿ. ಎರಡೂವರಿ ಕಿಲೋಕ್ಕಿಂತ ಕಮ್ಮಿ ತೂಕದ ಕೂಸಿಗಂತೂ ಇನ್ನೂ ಲಗೂನ ಥಂಡಿ ಹಿಡೀತೈತಿ. ಇದರಾಗ ಒಂದು ಮೋಸ ಐತಿ ನೋಡ್ರಿ. ಥಂಡಿ ಹಿಡದ ಕೂಸು ಚೀರಿ ಅಳೂದಿಲ್ಲ. ಮಂಕಾಗಿ ಮಲಗತೈತಿ, ಮೊಲಿ ಚೀಪೂದು ಬಿಡತೈತಿ. ನೋಡಿದವರು "ಎಷ್ಟ ಶಾಣ್ಯಾ ಕೂಸು, ಹೆಂಗ ಮಲಗೇತಿ" ಅಂತಾರ. ಹಿಂಗಾಗಿ ಬೆಚ್ಚಗಿಡೂದು, ಮಲಗಸೂದು ಎರಡಲ್ಲ, ಒಂದ ಮಾತು.

ನಮ್ಮ ಹಿರ್ಯಾರು ಥರ್ಮಾಮೀಟರ್ ಕಂಡವರಲ್ಲ, ಆದ್ರ ಈ ಕಷ್ಟ ಬಲ್ಲವರು. ಕುಂಚಿಗಿ ನೋಡ್ರಿ. ತಲಿ, ಕಿವಿ ಮುಚ್ಚಿ ಬೆನ್ನಿನ ಮ್ಯಾಲೆ ಇಳೀತೈತಿ. ಹಬ್ಬಕ್ಕ ಗುಳೇದಗುಡ್ಡದ ಖಣದ್ದು ಹೊಲದ್ರೂ, ದಿನಾ ಹಾಕೂದು ಹಳೆ ಮೆತ್ತನ್ನ ಅರಬಿದ್ದು. ಕೂಸಿನ ಬಿಸಿ ತಲಿಯಿಂದ ಭಾಳ ಹೋಗತೈತಿ ಅಂತ ಈಗ ಡಾಕ್ಟರು ಹೇಳೂದನ್ನ ಅವರು ಸೂಜಿ ದಾರದಾಗ ಹೇಳಿದ್ರು.

ಕೌದಿನೂ ಹಂಗ. ತೊಳದು ತೊಳದು ಮೆತ್ತಗಾದ ಹತ್ತಿ ಸೀರಿ, ಧೋತರ ಪದರ ಪದರ ಹಾಸಿ ಸಣ್ಣ ಸಣ್ಣ ಹೊಲಿಗಿ ಹಾಕೂದು. ಪದರಿನ ನಡುವ ಗಾಳಿ ನಿಂತು ಬಿಸಿ ಹಿಡೀತೈತಿ, ಹತ್ತಿ ಇದ್ದದ್ದಕ್ಕ ಬೆವರೂ ಹೀರತೈತಿ. ಹಳೇ ಸೀರಿ ಅಂದ್ರ ಬಡತನ ಅಲ್ಲ, ಹೊಸ ಅರಬಿ ಕೂಸಿನ ಮೈಗೆ ಒರಟು ಅಂತ. ಕಲಘಟಗಿ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಹೆಣ್ಣಮಕ್ಕಳು ಕೂಸಿಗಂತನ ಸಣ್ಣ ಕೌದಿ ಹೊಲೀತಾರ. ಮೂಲ್ಯಾಗ ಅರಬಿ ಮಡಚಿ ಫುಲಾ ಇಡತಾರ, ಅದಿಲ್ಲದ ಕೌದಿ ಬೆತ್ತಲೆ ಅಂತಾರ ಅವರು.

ಇನ್ನ ತೊಟ್ಟಿಲ. ಕಲಘಟಗಿ ತೊಟ್ಟಿಲ ಹೆಸರು ಕೇಳದವರು ಯಾರದಾರ? ಅದು ಅಡವಿ ಅಂಚಿನ ಊರು, ಅಲ್ಲಿ ಸಾಗವಾನಿ ಸಿಗತಿತ್ತು. ಬಡಿಗ್ಯಾರು ಕೆತ್ತಿ, ಅರಗಿನ ಬಣ್ಣ ಹಚ್ಚಿ, ಕೃಷ್ಣನ ಲೀಲಾ, ರಾಮಾಯಣದ ಚಿತ್ರ ಬರೀತಿದ್ರು. ಇಂದಿಗೂ ಕೆಲವು ಮನೆತನದವರು ಮಾಡ್ತಾರ. ಎರಿ ಭೂಮಿಯ ನವಲಗುಂದ, ಅಣ್ಣಿಗೇರಿ ಕಡೆ ಎಲ್ಲಾರಿಗೂ ಅದು ಕೈಗೆಟುಕೂದಿಲ್ಲ, ಜಂತಿಗೆ ಸೀರಿ ಕಟ್ಟಿ ಜೋಳಿಗಿ ಮಾಡತಿದ್ರು. ಯಾವುದಾದ್ರೂ ಕೆಲಸ ಒಂದ: ನೆಲದ ಥಂಡಿ, ಇರವಿ, ಚೇಳು ತಾಗದಂಗ ಮ್ಯಾಲೆ ಇಡೂದು, ತೂಗಿ ಮಲಗಸೂದು. ಆದ್ರ ಒಂದು ಮಾತು ಮರೀಬ್ಯಾಡ್ರಿ. ಹೆಸರಿಡೂ ದಿನದ ತನಕ ಕೂಸನ್ನ ತೊಟ್ಟಿಲಕ್ಕ ಹಾಕತಿರಲಿಲ್ಲ. ಅಲ್ಲೀ ತನಕ ಅದರ ಜಾಗಾ ತಾಯಿ ಮಗ್ಗಲು.

ಐದನೇ ದಿನ ರಾತ್ರಿ ಶೆಟಿಗೆವ್ವ ಬಂದು ಹಣಿಬರಹ ಬರೀತಾಳ ಅಂತ ದೀಪ ಹಚ್ಚಿ ಹೆಂಗಸರು ಎಚ್ಚರ ಇರತಿದ್ರು. ನಂಬೂದು ಬಿಡೂದು ನಿಮಗ ಬಿಟ್ಟದ್ದು. ಆದ್ರ ತಿಂಗಳೊಳಗ ತೀರಿಕೊಳ್ಳೋ ಕೂಸುಗಳಾಗ ಮುಕ್ಕಾಲು ಪಾಲು ಮೊದಲನೇ ವಾರದಾಗನ ಹೋಗತಾವು ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹೇಳತೈತಿ. ನಮ್ಮ ಆಯಿ ಹಡದದ್ದು ಎಂಟು, ಉಳದದ್ದು ಐದು. ಹೋದ ಮೂರೂ ಹೆಸರಿಡೂಕಿಂತ ಮೊದಲ ಹೋದವು. ಆ ಎಚ್ಚರದ ಹಿಂದ ಅಂಥಾ ಎಷ್ಟ ತಾಯಂದಿರ ದುಃಖ ಐತೋ.

ಹಂಗಂತ ಹಳೇದೆಲ್ಲಾ ಬಂಗಾರ ಅಲ್ಲ. ಕಿಡಕಿ ಮುಚ್ಚಿದ ಕ್ವಾಣ್ಯಾಗ ಅಗ್ಗಿಷ್ಟಿಗಿ ಇಟ್ಟು ಕುಳ್ಳು, ಇದ್ದಲಿ ಉರಸಿದ್ರ ಹೊಗಿ ಕೂಸಿನ ಎದಿಗೆ ಹೋಗತೈತಿ. ಇದ್ದಲಿಯಿಂದ ವಾಸನಿ ಇಲ್ಲದ ಕೆಟ್ಟ ಗಾಳಿನೂ ಬರತೈತಿ, ಅದು ತಾಯಿ ಕೂಸು ಇಬ್ಬರ ಜೀವಕ್ಕೂ ಅಪಾಯ. ಹುಟ್ಟಿದ ಕೂಡ್ಲೆ ಎರಿಯೂದೂ ತಪ್ಪು. ನೀರು ಎಷ್ಟ ಬಿಸಿ ಇದ್ರೂ, ಎರದ ಮ್ಯಾಲೆ ಹಸಿ ಮೈ ಥಂಡಿ ಆಗೇ ಆಗತೈತಿ. ಹುಟ್ಟಿದಾಗ ಒಣಾ ಅರಬಿಲೆ ಒರಸಬೇಕು, ಎರಿಯೂದು ಕಡೀಗೆ 24 ತಾಸು ಕಳದ ಮ್ಯಾಲೆ. ತೂಕ ಕಮ್ಮಿ ಇದ್ರ ಡಾಕ್ಟರ್ ಹೇಳೂ ತನಕ ಎರಿಯೂದ ಬ್ಯಾಡ.

ಹೊರಗಿನ ದೇಶದವರ ದಾರಿ ಬ್ಯಾರೆ ಇತ್ತು. 1880ರ ಸುಮಾರಿಗೆ ಪ್ಯಾರಿಸ್‌ನಾಗ ಟಾರ್ನಿಯೆ ಅನ್ನೋ ಡಾಕ್ಟರ್, ಕೋಳಿ ತತ್ತಿಗೆ ಕಾವು ಕೊಡೂ ಪೆಟಗಿ ನೋಡಿ, ದಿನ ತುಂಬದ ಕೂಸಿಗೂ ಹಂತಾದ್ದನ್ನ ಮಾಡಿಸಿದ್ರು. ಅದ ಮುಂದ ದವಾಖಾನಿಯ ಕಾಚಿನ ಪೆಟಗಿ ಆತು. ಅದರಿಂದ ಲೆಕ್ಕ ಇಲ್ಲದಷ್ಟು ಜೀವ ಉಳದಾವು. ಆದ್ರ ಬಡ ದೇಶದಾಗ ಅಷ್ಟು ಪೆಟಗಿ ಎಲ್ಲಿಂದ ತರೂದು? ಕೊಲಂಬಿಯಾ ದೇಶದ ಬೊಗೊಟಾ ಊರಾಗ ಒಂದೊಂದು ಪೆಟಗ್ಯಾಗ ಎರಡು ಮೂರು ಕೂಸು ಮಲಗಸೂ ಪಾಳೆ ಬಂದು, ಒಂದರದ್ದು ಇನ್ನೊಂದಕ್ಕ ನಂಜು ಹತ್ತತಿತ್ತು. 1978ರಾಗ ಅಲ್ಲಿಯ ಡಾಕ್ಟರ್ ಎಡ್ಗರ್ ರೇ, ಕೂಸನ್ನ ತಾಯಿ ಎದಿಗೆ ಚರ್ಮಕ್ಕ ಚರ್ಮ ಹತ್ತೂವಂಗ ಕಟ್ಟಿಸಿದ್ರು. ಅದಕ್ಕ ಕಾಂಗರೂ ಆರೈಕೆ ಅಂತ ಹೆಸರು ಬಂತು.

2021ರಾಗ ದಿಲ್ಲಿಯ ಸಫ್ದರ್‌ಜಂಗ್ ದವಾಖಾನಿ ಮತ್ತ ಆಫ್ರಿಕಾದ ನಾಕು ದೇಶದ ದವಾಖಾನಿಯಾಗ ಮಾಡಿದ ಪರೀಕ್ಷಾದ ಫಲಿತಾಂಶ ಬಂತು. ಒಂದು ಕಿಲೋದಿಂದ 1.8 ಕಿಲೋದೊಳಗಿನ ಕೂಸುಗಳು ಅವು. ಮೊದಲು ಪೆಟಗ್ಯಾಗ ಇಟ್ಟು, ಚೇತರಿಸಿಕೊಂಡ ಮ್ಯಾಲೆ ತಾಯಿ ಎದಿಗೆ ಕೊಟ್ಟವುಗಳಾಗ 100ಕ್ಕ ಸುಮಾರು 16 ಹೋದವು. ಹುಟ್ಟಿದ ಕೂಡ್ಲೆ ಎದಿಗೆ ಕೊಟ್ಟವುಗಳಾಗ 12. ಆ ನಾಕು ಕೂಸು ಉಳದದ್ದು ತಾಯಿ ಮೈ ಬಿಸಿಲೆ. ನಮ್ಮ ಮಗ್ಗಲದ ಕೊಪ್ಪಳ ಜಿಲ್ಲಾದಾಗೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು, ಸರ್ಕಾರಿ ದವಾಖಾನಿಯವರು ಕೂಡಿ ಇದನ್ನ ಹಳ್ಳಿ ಮನಿ ತನಕ ಒಯ್ದಾರ. ತಾಯಿಗೆ ದಣಿವಾದ್ರ ಅಜ್ಜಿ, ಅಪ್ಪ ಯಾರಾದ್ರೂ ಎದಿ ಕೊಡಬಹುದು.

ನಮ್ಮ ಸರ್ಕಾರ 2007ರಾಗ ಸುರು ಮಾಡಿದ ಮಡಿಲು ಚೀಲದಾಗ ಕೂಸಿನ ಟೊಪಗಿ, ಸ್ವೆಟರ್ ಇದ್ದವು. ನನಗ ಅದು ಕುಂಚಿಗಿಯ ತಂಗಿ ಅನಸ್ತು. ಆಶಾ ಅಕ್ಕನಾರು ಹೆರಿಗಿ ಆದ 3, 7, 14, 21, 28, 42ನೇ ದಿನ ಮನಿಗೆ ಬಂದು ಕೂಸು ನೋಡತಾರ. ಅವರು ಬಂದಾಗ "ಕೂಸು ಮಲಗೇತಿ, ಆಮ್ಯಾಲೆ ಬರ್ರಿ" ಅಂತ ಕಳಿಸಬ್ಯಾಡ್ರಿ.

ಅಂದ್ರ ಕುಂಚಿಗಿ ಇರಲಿ, ಕೌದಿ ಇರಲಿ, ಬೆಂಕಿ ಹೋಗಲಿ. ಕೂಸನ್ನ ಅಂಗಾತ ಮಲಗಸ್ರಿ, ಸಾಸಿವಿ ದಿಂಬು ಬ್ಯಾಡ, ಮಾರಿ ಮ್ಯಾಲೆ ಅರಬಿ ಬರಬಾರದು. ರಾತ್ರಿ ಎದ್ದಾಗ ಕೈ ಹಿಂಭಾಗಲೆ ಹೊಟ್ಟಿ, ಅಂಗಾಲು ಮುಟ್ಟಿ ನೋಡ್ರಿ. ಎರಡೂ ಬೆಚ್ಚಗಿದ್ರ ಚಿಂತಿ ಇಲ್ಲ. ಹೊಟ್ಟಿ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ರ ಥಂಡಿ ಸುರು ಆಗೇತಿ, ಕೂಡ್ಲೆ ಸೆರಗಿನೊಳಗ ಎದಿಗೆ ಹಾಕ್ಕೋರಿ, ಮೊಲಿ ಕುಡಸ್ರಿ. ಎರಡೂ ತಣ್ಣಗಿದ್ರ, ಇಲ್ಲಾ ಕೂಸು ಮೊಲಿ ಹಿಡೀಲಿಲ್ಲಂದ್ರ, ಎದಿಗೆ ಹಾಕ್ಕೊಂಡ ದವಾಖಾನಿಗೆ ನಡೀರಿ. ಬೆಳಗಾಗಲಿ ಅಂತ ಕಾಯಬ್ಯಾಡ್ರಿ.