ನುಣುಪು ನಳಿಗೆಯ ಕೋವಿ, ಒಂಟಿ ಗುಂಡು

ನಮ್ಮ ಸಂಘದ ಕುಟುಂಬಗಳು ಭೀಮುನಿಪಟ್ಟಣಕ್ಕೆ ವನಭೋಜನಕ್ಕೆ ಹೋಗಿದ್ದ ದಿನದ ಮಾತಿದು. ಗೋಸ್ತನಿ ನದಿ ಕಡಲು ಸೇರುವ ಜಾಗವನ್ನೂ ಡಚ್ಚರ ಹಳೆಯ ಗೋರಿಗಳನ್ನೂ ನೋಡಿಕೊಂಡು ವಿಶಾಖಪಟ್ಟಣಕ್ಕೆ ಹಿಂತಿರುಗುವಾಗ ಯಾರೋ ಕಂಬಾಲಕೊಂಡ ಕಾಡಿನ ಪ್ರಸ್ತಾಪ ತೆಗೆದರು. ಹಿಂದೆ ವಿಜಯನಗರಂ ಅರಸರ ವಶದಲ್ಲಿದ್ದ ಆ ಕಾಡು ಈಗ ವನ್ಯಧಾಮ. ಅಲ್ಲಿ ಜಿಂಕೆಗಳಿವೆ ಎಂದೊಡನೆ ಕೊಡಗಿನ ಗೆಳೆಯರೊಬ್ಬರು ತಮ್ಮ ಮನೆಯ ಕೋವಿಯನ್ನು ನೆನೆದರು, ನಾನು ತೀರ್ಥಹಳ್ಳಿ ಕಡೆಯ ನನ್ನ ಅಜ್ಜನ ಕೇಪಿನ ಕೋವಿಯನ್ನು ನೆನೆದೆ. ಆಗ ಗೆಳೆಯರ ಮಗ ಕೇಳಿದ: "ಒಂದೇ ಗುಂಡಿನಲ್ಲಿ ಅಷ್ಟು ದೂರದ ಜಿಂಕೆಗೆ ಗುರಿಯಿಡುತ್ತಿದ್ದರು ಅಂತೀರಲ್ಲ, ಅದು ನಿಜವೋ, ಬರಿಯ ಬಡಾಯಿಯೋ?"

ವಿಜ್ಞಾನ ಓದಿದವನಾದ್ದರಿಂದ ಉತ್ತರ ಹೇಳುವ ಸರದಿ ನನ್ನ ಪಾಲಿಗೆ ಬಂತು. ಬಸ್ಸಿನಲ್ಲಿ ಅರ್ಧಕ್ಕೇ ನಿಂತ ಮಾತನ್ನು ಇಲ್ಲಿ ಪೂರ್ತಿ ಮಾಡುತ್ತೇನೆ.

ನಮ್ಮ ಮಲೆನಾಡಿನ, ಕೊಡಗಿನ ಕೋವಿಗಳ ಪೈಕಿ ಬಹುಪಾಲು ನುಣುಪು ನಳಿಗೆಯವು. ರೈಫಲಿನ ನಳಿಗೆಯ ಒಳಮೈಯಲ್ಲಿ ತಿರುಪಿನಂತೆ ಗೀರುಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ. ತಿರುಗುವ ಬುಗುರಿ ಬೀಳದೆ ನಿಲ್ಲುವ ಹಾಗೆಯೇ ತಿರುಗುವ ಗುಂಡು ದಾರಿ ತಪ್ಪದೆ ಸಾಗುತ್ತದೆ. ನುಣುಪು ನಳಿಗೆಯಲ್ಲಿ ಈ ಏರ್ಪಾಡಿಲ್ಲ. ಅದು ಹುಟ್ಟಿದ್ದೇ ಹಕ್ಕಿ, ಮೊಲಗಳಿಗೆ ಚರೆ ಹೊಡೆಯಲು. ಹನ್ನೆರಡು ಬೋರು ಎನ್ನುತ್ತೇವಲ್ಲ, ಅದರ ಅರ್ಥ ಇಷ್ಟೆ: ಆ ನಳಿಗೆಗೆ ಸರಿಹೊಂದುವ ಸೀಸದ ಗುಂಡುಗಳು ಒಂದು ಪೌಂಡಿಗೆ 12 ತೂಗುತ್ತವೆ. ಅಂದರೆ ಗುಂಡು ಒಂದಕ್ಕೆ ಸುಮಾರು 38 ಗ್ರಾಂ, ಅಡ್ಡಳತೆ ಸುಮಾರು 18.5 ಮಿಲಿಮೀಟರು. ಇಂಥ ದಪ್ಪ ಗುಂಡು ತಗುಲಿದರೆ ಪ್ರಾಣಿ ಬದುಕುವುದು ಕಷ್ಟ. ಆದರೆ ತಗುಲಿಸುವುದೇ ಕಷ್ಟದ ಕೆಲಸ.

ಅದೇಕೆ ಕಷ್ಟ ಎಂಬುದನ್ನು ಮೊದಲು ಪ್ರಯೋಗದಿಂದ ತೋರಿಸಿದವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. 1742ರಲ್ಲಿ ಅವನು ಫಿರಂಗಿ ವಿದ್ಯೆಯ ಹೊಸ ತತ್ತ್ವಗಳನ್ನು ಕುರಿತು ಪುಸ್ತಕ ಬರೆದ. ತೂಗಾಡುವ ಮರದ ಹಲಗೆಗೆ ಗುಂಡು ಹೊಡೆದು, ಹಲಗೆ ಎಷ್ಟು ದೂರ ತೂಗಿತೆಂಬುದರಿಂದ ಗುಂಡಿನ ವೇಗವನ್ನು ಲೆಕ್ಕಹಾಕಿದ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಬ್ಯಾಲಿಸ್ಟಿಕ್ ಪೆಂಡುಲಮ್ ಕಂಡವರಿಗೆ ಇದು ಹೊಸದಲ್ಲ. ಇನ್ನೊಂದು ಪ್ರಯೋಗ ಇನ್ನೂ ಸೊಗಸು. ಕೋವಿಯ ನಳಿಗೆಯ ತುದಿಯನ್ನು ಸ್ವಲ್ಪ ಎಡಕ್ಕೆ ಬಗ್ಗಿಸಿ, ಸಾಲಾಗಿ ಕಟ್ಟಿದ ತೆಳು ಪರದೆಗಳ ಮೂಲಕ ಗುಂಡು ಹಾರಿಸಿದ. ಗುಂಡು ಮೊದಲು ಎಡಕ್ಕೆ ಹೋಯಿತು. ಆಮೇಲೆ ಗಾಳಿಯಲ್ಲೇ ಬಾಗಿ ಬಲಕ್ಕೆ ತಿರುಗಿತು! ನಳಿಗೆಯ ಬಲಗೋಡೆಗೆ ಉಜ್ಜಿಕೊಂಡು ಹೊರಟ ಗುಂಡು ಉರುಳುತ್ತ ಹೋದದ್ದೇ ಇದಕ್ಕೆ ಕಾರಣ. ಸ್ಪಿನ್ ಬೌಲರನ ಚೆಂಡು ಗಾಳಿಯಲ್ಲಿ ಬಾಗುವ ಗುಟ್ಟೂ ಇದೇ. ನುಣುಪು ನಳಿಗೆಯ ಗುಂಡು ಪ್ರತಿ ಸಲವೂ ಯಾವುದೋ ಒಂದು ಮಗ್ಗುಲಿಗೆ ಉಜ್ಜಿಕೊಂಡು, ಪ್ರತಿ ಸಲವೂ ಬೇರೆ ಬೇರೆಯಾಗಿ ಉರುಳುತ್ತದೆ. ಗುರಿಕಾರ ಎಷ್ಟೇ ನಿಪುಣನಾದರೂ ದೂರ ಹೆಚ್ಚಿದಂತೆ ಗುಂಡು ಅವನ ಮಾತು ಕೇಳುವುದಿಲ್ಲ.

ಈ ರಾಬಿನ್ಸನ ಕಥೆ ಮುಗಿದದ್ದು ನಾವಿರುವ ಇದೇ ಪೂರ್ವ ಕರಾವಳಿಯಲ್ಲಿ. ಈಸ್ಟ್ ಇಂಡಿಯಾ ಕಂಪನಿ ಅವನನ್ನು ಕೋಟೆಗಳ ಎಂಜಿನಿಯರನನ್ನಾಗಿ ಕಳಿಸಿತು. ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ 1751ರ ಜುಲೈಯಲ್ಲಿ ತೀರಿಕೊಂಡ. ಗೀರು ನಳಿಗೆಯ ಮರ್ಮವನ್ನು ಮೊದಲು ಅರಿತ ರಾಷ್ಟ್ರವೇ ಯುದ್ಧದಲ್ಲಿ ಮೇಲುಗೈ ಪಡೆಯುವುದೆಂದು ಅವನು ಮೊದಲೇ ಹೇಳಿದ್ದ. ನೂರು ವರ್ಷಗಳ ಮೇಲೆ ಅದು ಖರೆಯಾಯಿತು. 1853ರ ಎನ್‌ಫೀಲ್ಡ್ ರೈಫಲು ಕಂಪನಿಯ ಸಿಪಾಯಿಗಳ ಕೈಗೆ ಬಂತು, ಅದರ ತೋಟಾಕ್ಕೆ ಸವರಿದ ಕೊಬ್ಬು 1857ರ ದಂಗೆಗೆ ಒಂದು ನೆಪವೂ ಆಯಿತು.

ದಂಗೆಯ ಅನಂತರ ಸರಕಾರ ಜನರ ಕೈಯಿಂದ ಆಯುಧ ಕಸಿಯುವ ಕಾನೂನುಗಳನ್ನು ತಂದಿತು. ಆದರೆ ಮೈಸೂರು, ಕೊಡಗುಗಳ ಕಮಿಷನರನಾಗಿದ್ದ ಸರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ವಿನಾಯಿತಿ ಕೊಟ್ಟ. ಭೀಮುನಿಪಟ್ಟಣದಲ್ಲಿ ಪುರಸಭೆ ಏರ್ಪಟ್ಟದ್ದೂ ಅದೇ 1861ರಲ್ಲಿ. ಕೊಡವರ ಆ ವಿನಾಯಿತಿ 1959ರ ಆಯುಧ ಕಾಯ್ದೆಯ ಕೆಳಗೂ ಉಳಿದುಬಂತು, 2019ರಲ್ಲಿ ಕೇಂದ್ರ ಸರಕಾರ ಅದನ್ನು ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿತು. ಕೊಡಗಿನಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವ ರೂಢಿಯನ್ನು ಬಲ್ಲವರು ಬಲ್ಲರು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಮುಡಿಸಿ ಪೂಜಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ ನಡೆಯುತ್ತದೆ.

ಹಾಗಾದರೆ ನುಣುಪು ನಳಿಗೆಯಲ್ಲಿ ಗುರಿ ಸಾಧಿಸುತ್ತಿದ್ದುದು ಹೇಗೆ? ಅಜ್ಜನ ಕ್ರಮ ಹೀಗಿತ್ತು. ಮದ್ದಿಗೆ ಒಂದೇ ಅಳತೆ. ಗುಂಡಿಗೆ ತೆಳು ಬಟ್ಟೆ ಸುತ್ತಿ ನಳಿಗೆಯಲ್ಲಿ ಸಡಿಲವಿರದಂತೆ ಜಡಿಯುವುದು. ಕೆನ್ನೆಯನ್ನು ಪ್ರತಿ ಸಲ ಹಿಡಿಯ ಅದೇ ಜಾಗಕ್ಕೆ ಒತ್ತುವುದು. ತಲೆ ಕೊಂಚ ಮೇಲೆದ್ದರೂ ಗುಂಡು ಮೇಲೆ ಹೋಗುತ್ತದೆ, ಏಕೆಂದರೆ ಕೋವಿಯ ತುದಿಯಲ್ಲಿ ಒಂದು ಮಣಿಯಿದೆಯೇ ಹೊರತು ಹಿಂದೆ ರೈಫಲಿನಂತೆ ಎರಡನೆಯ ಗುರುತಿಲ್ಲ. ಹಿಂದಿನ ಗುರುತಿನ ಕೆಲಸವನ್ನು ಬೇಟೆಗಾರನ ಕಣ್ಣೇ ಮಾಡಬೇಕು. ಮಳೆಗಾಲ ಕಳೆದ ಮೇಲೆ ಹಲಗೆಗೆ ಹೊಡೆದು, ತನ್ನ ಕೋವಿ ಎಷ್ಟು ಮಾರಿಗೆ ಎಷ್ಟು ತಪ್ಪುತ್ತದೆಂದು ಅಜ್ಜ ನೋಡಿಕೊಳ್ಳುತ್ತಿದ್ದ.

ಇದೇ ಸಮಸ್ಯೆಗೆ ಹೊರದೇಶದವರು ಬೇರೆ ಬೇರೆ ಪರಿಹಾರ ಹುಡುಕಿದರು. ಭಾರತದ ಸೈನ್ಯದಲ್ಲಿದ್ದ ಫಾಸ್‌ಬರಿ ಎಂಬ ಅಧಿಕಾರಿ 1885ರಲ್ಲಿ ನಳಿಗೆಯ ತುದಿಯ ಕೆಲವು ಅಂಗುಲಗಳಿಗೆ ಮಾತ್ರ ಗೀರು ಹಾಕಿದ. ಚರೆಗೂ ಆಯಿತು, ಗುಂಡಿಗೂ ಆಯಿತು. ಹಾಲಂಡ್ ಅಂಡ್ ಹಾಲಂಡ್ ಕಂಪನಿ ಅದನ್ನು ಪ್ಯಾರಡಾಕ್ಸ್ ಎಂಬ ಹೆಸರಿನಲ್ಲಿ ಮಾರಿತು. 1898ರಲ್ಲಿ ಜರ್ಮನಿಯ ಬ್ರೆನೆಕೆ ಕೋವಿಯ ಬದಲು ಗುಂಡನ್ನೇ ತಿದ್ದಿದ. ಮುಂದೆ ಭಾರದ ಸೀಸ, ಹಿಂದೆ ಅಂಟಿಕೊಂಡೇ ಹೋಗುವ ಹಗುರವಾದ ಉಣ್ಣೆಯ ಬಿರಡೆ. 1931ರಲ್ಲಿ ಅಮೆರಿಕದ ಫಾಸ್ಟರ್ ಹಿಂಭಾಗ ಟೊಳ್ಳಾದ ಗುಂಡು ಮಾಡಿದ. ಎರಡರ ತತ್ತ್ವವೂ ಬ್ಯಾಡ್‌ಮಿಂಟನ್ ಆಟದ ಪುಕ್ಕದ ಚೆಂಡಿನದೇ: ಭಾರ ಮುಂದಿದ್ದರೆ ಮೂತಿ ತಾನಾಗಿ ಮುಂದಕ್ಕೆ ನಿಲ್ಲುತ್ತದೆ. ಮೈಮೇಲಿನ ಓರೆ ಗೀರುಗಳು ಗುಂಡನ್ನು ತಿರುಗಿಸುತ್ತವೆಂಬ ನಂಬಿಕೆ ಉಂಟು, ಆದರೆ ಆ ತಿರುಗುವಿಕೆ ತೀರ ಅಲ್ಪ. ಇಷ್ಟೆಲ್ಲ ಆದರೂ ನುಣುಪು ನಳಿಗೆಗೆ ಭರವಸೆಯ ದೂರ ಐವತ್ತು, ಹೆಚ್ಚೆಂದರೆ ಎಪ್ಪತ್ತು ಗಜ.

ಆದ್ದರಿಂದ ಹುಡುಗನ ಪ್ರಶ್ನೆಗೆ ಉತ್ತರ: ಹತ್ತಿರದ ಜಿಂಕೆಯಾದರೆ ನಿಜ, ದೂರದ್ದಾದರೆ ಬಡಾಯಿ. ಆ ಬಡಾಯಿಗೆ ಬೆಲೆ ತೆರುತ್ತಿದ್ದುದು ಜಿಂಕೆ. ಒಮ್ಮೆ ಸೋವಿನವರ ಗದ್ದಲಕ್ಕೆ ಹೊರಬಿದ್ದ ಜಿಂಕೆಗೆ ಅಜ್ಜ ದೂರ ನೋಡದೆ ಈಡು ಹೊಡೆದನಂತೆ. ಹೊಟ್ಟೆಗೆ ಏಟು ತಿಂದ ಅದು ಹಳ್ಳ ದಾಟಿ ಹೋಯಿತು. ಕತ್ತಲಾಗುವವರೆಗೆ ನೆತ್ತರಿನ ಜಾಡು ಹಿಡಿದು ಹುಡುಕಿದರೂ ಸಿಗಲಿಲ್ಲ. ಆ ರಾತ್ರಿ ಅಜ್ಜ ಊಟಕ್ಕೆ ಏಳಲಿಲ್ಲವೆಂದು ಅಜ್ಜಿ ಹೇಳುತ್ತಿದ್ದಳು. ಕೋವಿಯ ಲೆಕ್ಕಾಚಾರ ಅವನು ಹಿಡಿದದ್ದು ಅದರ ಮೇಲೆಯೇ.

ಈಗ ಆ ಲೆಕ್ಕಾಚಾರ ನಮ್ಮ ದೇಶದಲ್ಲಿ ಜಿಂಕೆಯ ಮೇಲೆ ನಡೆಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು, 1991ರ ತಿದ್ದುಪಡಿ ಪರವಾನಗಿ ಬೇಟೆಯ ಬಾಗಿಲನ್ನೂ ಮುಚ್ಚಿತು. ಅಜ್ಜ ತೀರಿದ ಮೇಲೆ ಅಪ್ಪ ಕೋವಿಯನ್ನು ಠಾಣೆಗೆ ಒಪ್ಪಿಸಿದರು. ಗೆಳೆಯರ ಮನೆಯ ಕೋವಿ ಇನ್ನೂ ಇದೆ, ವರ್ಷಕ್ಕೊಮ್ಮೆ ಹೂ ಮುಡಿಯುತ್ತದೆ, ತೆಂಗಿನಕಾಯಿ ಒಡೆಯುತ್ತದೆ. ಅವರ ಮಗ ಬರುವ ಕೈಲ್‌ಪೊಳ್ದಿಗೆ ಊರಿಗೆ ಹೋಗುವನಂತೆ. ಅಜ್ಜ ಅಪ್ಪನಿಗೆ ಹೇಳಿದ್ದ ಒಂದು ಮಾತನ್ನು ಅವನಿಗೆ ದಾಟಿಸಿದ್ದೇನೆ: ತಿಳಿಯದ ದೂರಕ್ಕೆ ಈಡು ಹೊಡೆಯಬೇಡ.