ಮನೆಯ ಗಡಿಯಲ್ಲಿ ಏಟ್‌ಕೆನ್: ಒಂದು ಆಕರವಿಚಾರ

ನಗರೇತಿಹಾಸವನ್ನು ಬರೆಯಹೊರಟವರು ಸರಕಾರಿ ವರದಿ, ಜನಗಣತಿ, ಪುರಸಭೆಯ ಕಡತ ಮೊದಲಾದವನ್ನು ಶೋಧಿಸುವುದು ವಾಡಿಕೆ. ಅದೇ ನಗರದ ಕಾಗೆ, ಹಲ್ಲಿ, ಇರುವೆಗಳನ್ನು ಕುರಿತ ಲಲಿತ ಪ್ರಬಂಧಗಳನ್ನಾದರೋ ಬಿಡುವಿನ ವೇಳೆಯ ಓದೆಂದು ಬದಿಗಿರಿಸುತ್ತೇವೆ. ಈ ಉಪೇಕ್ಷೆ ಸರಿಯಲ್ಲವೆಂಬುದಕ್ಕೆ ಎಡ್ವರ್ಡ್ ಹ್ಯಾಮಿಲ್ಟನ್ ಏಟ್‌ಕೆನ್ನನ ಗ್ರಂಥಗಳೇ ಸಾಕ್ಷಿ.

1851ರಲ್ಲಿ ಸಾತಾರೆಯಲ್ಲಿ ಜನಿಸಿದ ಈತನು ಮುಂಬಯಿ ಪ್ರಾಂತದ ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿ. 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಸ್ಥಾಪಿಸಿದ 8 ಮಂದಿಯಲ್ಲಿ ಒಬ್ಬನು. ಆತ್ಮಾರಾಮ ಪಾಂಡುರಂಗ, ಸಖಾರಾಮ ಅರ್ಜುನ ಎಂಬ ಭಾರತೀಯ ವೈದ್ಯರಿಬ್ಬರೂ ಆ ಎಂಟರಲ್ಲಿದ್ದರು. ನಮ್ಮ ಉತ್ತರ ಕನ್ನಡದ ಕಾಡುಗಳನ್ನು ಕುರಿತೂ ಆತನು ಬರೆದಿದ್ದಾನೆ. ಇಲ್ಲಿ ಪ್ರಸ್ತುತವಾದುದು ಆತನ ಮನೆಯಂಗಳ.

ಅದೇ 1883ರಲ್ಲಿ ಪ್ರಕಟವಾದ ‘ದಿ ಟ್ರೈಬ್ಸ್ ಆನ್ ಮೈ ಫ್ರಾಂಟಿಯರ್’ ಗ್ರಂಥದಲ್ಲಿ ಬಂಗಲೆಗೆ ನುಗ್ಗುವ ಇಲಿ, ಕಪ್ಪೆ, ಕಾಗೆಗಳೆಲ್ಲ ಗಡಿನಾಡಿನ ಬುಡಕಟ್ಟುಗಳು. ಅವುಗಳೊಡನೆ ಗೃಹಸ್ಥನ ವ್ಯವಹಾರವೇ ‘ವಿದೇಶಾಂಗ ನೀತಿ’. ಎರಡನೆಯ ಆಫ್ಘನ್ ಯುದ್ಧವು ಮುಗಿದದ್ದು 1880ರಲ್ಲಿ ಎಂಬುದನ್ನು ನೆನೆದರೆ ಈ ವಿನೋದದ ಮೂಲವು ವಿಶದವಾಗುತ್ತದೆ. ಕಥನ ನಡೆಯುವ ಡಸ್ಟಿಪೋರ್ ಎಂಬ ಊರು ಕಲ್ಪಿತ. ಅಲ್ಲಿಯ ಕಾಗೆ ಕಲ್ಪಿತವಲ್ಲ. ವಾಸ್ತವವನ್ನು ಸೃಜನಶೀಲ ಗದ್ಯದಲ್ಲಿ ಹೇಳುವವರ ಬರಹವನ್ನು ಆಕರವಾಗಿ ಬಳಸುವಾಗ ಈ ವಿವೇಚನೆ ಅತ್ಯಗತ್ಯ.

ಆದರೆ 1889ರ ‘ಬಿಹೈಂಡ್ ದಿ ಬಂಗಲೋ’ವನ್ನು ತೆರೆದಾಗ ಓದುಗನ ನಗು ಅರ್ಧದಲ್ಲೇ ನಿಲ್ಲುತ್ತದೆ. ಬಟ್ಲರ್, ಕುದುರೆಯಾಳು, ಅಗಸ ಮುಂತಾದ ಸೇವಕರನ್ನೂ ಆತನು ಜೀವಜಾತಿಗಳ ಲಕ್ಷಣ ವಿವರಿಸುವ ಧಾಟಿಯಲ್ಲಿಯೇ ಬಣ್ಣಿಸುತ್ತಾನೆ. ಕಾಗೆಯ ವಿಷಯದಲ್ಲಿ ಸೂಕ್ಷ್ಮವಾಗಿದ್ದ ಕಣ್ಣು ಮನುಷ್ಯನ ವಿಷಯದಲ್ಲಿ ಮಂದವಾಯಿತೆಂದೇ ನನ್ನ ಅಭಿಪ್ರಾಯ. ಇದನ್ನು ಕಾಲಧರ್ಮವೆಂದು ಕ್ಷಮಿಸುವವರಿದ್ದಾರೆ. ಕ್ಷಮೆಯು ಇತಿಹಾಸಕಾರನ ಕೆಲಸವಲ್ಲ. ಆಳುವವರ ಮನೆಯೊಳಗಿನ ದೃಷ್ಟಿ ಇಷ್ಟು ನಿರಾಯಾಸವಾಗಿ ಪ್ರಕಟವಾಗುವ ದಾಖಲೆ ಕಡತಗಳಲ್ಲಿ ದೊರೆಯುವುದು ವಿರಳ.

1900ರ ‘ದಿ ಕಾಮನ್ ಬರ್ಡ್ಸ್ ಆಫ್ ಬಾಂಬೆ’ ಇನ್ನೊಂದು ಬಗೆಯ ಸಾಕ್ಷ್ಯ. ಆ ನಗರದ ‘ಸಾಮಾನ್ಯ’ ಪಕ್ಷಿಗಳಲ್ಲಿ ರಣಹದ್ದೂ ಒಂದು. 1990ರ ದಶಕದಿಂದೀಚೆಗೆ ಭಾರತದಲ್ಲಿ ರಣಹದ್ದುಗಳು ಬಹುಮಟ್ಟಿಗೆ ನಾಶವಾದವು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕವೇ ಕಾರಣವೆಂದು ಸಿದ್ಧವಾಗಿ, 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆ ನಿಷಿದ್ಧವಾಯಿತು. ಅಷ್ಟರೊಳಗೆ ಮಲಬಾರ್ ಗುಡ್ಡದ ಪಾರಸಿ ದಖ್ಮಾಗಳಲ್ಲಿ, ಹಕ್ಕಿಗಳು ಮಾಡುತ್ತಿದ್ದ ಕಾರ್ಯಕ್ಕೆ ಸೂರ್ಯನ ಶಾಖವನ್ನು ಕೇಂದ್ರೀಕರಿಸುವ ಫಲಕಗಳನ್ನು ನಿಲ್ಲಿಸಬೇಕಾಗಿ ಬಂದಿತ್ತು.